ಚಳಿಗಾಲದ ಅತಿಥಿಗಳ ಉಲಿ

ಮಾರ್ಗಶಿರಮಾಸವು ಪ್ರಾಪ್ತವಾಯಿತೆಂದರೆ ನಮ್ಮ ಕಲಬುರಗಿಯ ಮನೆಗಳಲ್ಲಿ ಸಂಜೆಯಾಗುವುದೇ ತಡ, ಕಿಟಕಿಗಳು ಮುಚ್ಚುವುವು. ಪೆಟ್ಟಿಗೆಯ ತಳದಲ್ಲಿದ್ದ ಕಂಬಳಿಗಳು ಹೊರಬೀಳುವುವು. ಬೇಸಗೆಯಲ್ಲಿ ೪೨ ಡಿಗ್ರಿಯನ್ನೂ ದಾಟುವ ಬಿಸಿಲನ್ನುಂಡು ಬೆಳೆದ ಈ ಊರಿನವರಿಗೆ ಡಿಸೆಂಬರಿನ ರಾತ್ರಿಯ ೧೫ ಡಿಗ್ರಿಯೇ ಹಿಮಾಲಯದ ಚಳಿಯಾಗಿ ತೋರುವುದು ಸಹಜವೇ ಸರಿ. ಆದರೂ ಗೃಹಸ್ಥನಾದವನು ಹಕ್ಕಿಗಳ ಉಲಿಯನ್ನು ಕೇಳಿ ಗುರುತಿಸಲು ಇಚ್ಛಿಸಿದಲ್ಲಿ ಇದಕ್ಕಿಂತ ಅನುಕೂಲವಾದ ಋತುವು ಮತ್ತೊಂದಿಲ್ಲ. ಹಕ್ಕಿಗಳು ಅತ್ಯಧಿಕವಾಗಿ ನುಡಿಯುವುದು ಸೂರ್ಯೋದಯದ ಹಿಂದುಮುಂದಿನ ಒಂದು ಗಳಿಗೆಯಲ್ಲಿ. ಬೇಸಗೆಯಲ್ಲಿ ಸೂರ್ಯನು ಆರು ಗಂಟೆಗೆ ಮೊದಲೇ ಉದಯಿಸುವುದರಿಂದ ಆ ಗಳಿಗೆಯು ನಿದ್ರೆಯಲ್ಲಿ ಕಳೆದುಹೋಗುವುದು. ಡಿಸೆಂಬರಿನ ಕಡೆಯಲ್ಲಾದರೋ ಇಲ್ಲಿ ಸೂರ್ಯೋದಯವು ಸುಮಾರು ೬-೫೦ಕ್ಕೆ. ಅಂಗಳ ಗುಡಿಸುವವರು, ಹಾಲಿಗಾಗಿ ಬಾಗಿಲು ತೆರೆಯುವವರು, ಶಾಲೆಯ ಹುಡುಗರಿಗೆ ಬುತ್ತಿ ಕಟ್ಟುವವರು, ಎಲ್ಲರೂ ಆ ಹೊತ್ತಿಗೆ ಎಚ್ಚರವಾಗಿಯೇ ಇರುವರು. ಕಿವಿಯನ್ನು ಹೊರಗೆ ಚಾಚುವುದೊಂದೇ ಉಳಿದಿರುವ ಕೆಲಸ.

ಹಕ್ಕಿಗಳನ್ನು ಕಣ್ಣಿನಿಂದಲ್ಲವೆ ಗುರುತಿಸುವುದು, ಕಿವಿಗೇನು ಕೆಲಸವೆಂದು ಕೆಲವರು ಕೇಳಬಹುದು. ನಮ್ಮ ಹಿರಿಯರ ಅಭಿಪ್ರಾಯವು ಹಾಗಿರಲಿಲ್ಲ. ನಿರುಕ್ತವನ್ನು ರಚಿಸಿದ ಯಾಸ್ಕಮಹರ್ಷಿಯು ‘ಕಾಕ’ ಎಂಬ ಶಬ್ದವನ್ನು ವಿವರಿಸುತ್ತ, ಇದು ಧ್ವನಿಯ ಅನುಕರಣದಿಂದ ಹುಟ್ಟಿದ ಹೆಸರೆಂದೂ, ಹಕ್ಕಿಗಳ ಹೆಸರುಗಳಲ್ಲಿ ಇಂತಹವು ಬಹಳವಾಗಿವೆಯೆಂದೂ ಹೇಳಿರುವನು. ಔಪಮನ್ಯವನೆಂಬ ಆಚಾರ್ಯನು ಇದನ್ನೊಪ್ಪಲಿಲ್ಲವೆಂಬುದನ್ನೂ ಅಲ್ಲಿಯೇ ದಾಖಲಿಸಿರುವನು. ವಿದ್ವಾಂಸರ ವಾದವು ಹಾಗಿರಲಿ. ಕಲಬುರಗಿಯ ಹೊರವಲಯದಲ್ಲಿ, ಮನೆಗಳು ಮುಗಿದು ಹೊಲಗಳು ಆರಂಭವಾಗುವೆಡೆಯಲ್ಲಿ ನಿಂತು ಕೇಳಿದವನು ಯಾಸ್ಕನ ಪಕ್ಷವನ್ನೇ ಹಿಡಿಯುವನು. ಬೇಲಿಯ ಮರೆಯಿಂದ ಗೌಜಲಹಕ್ಕಿಯು ಮೂರು ಮೂರು ಅಕ್ಷರಗಳ ಗಣಗಳಾಗಿ ಕೂಗುವುದನ್ನು ಕೇಳಿರಿ. ಸಂಸ್ಕೃತದ ‘ತಿತ್ತಿರಿ’ ಎಂಬ ಹೆಸರು ಆ ಕೂಗಿನಲ್ಲಿಯೇ ಅಡಗಿರುವುದು. ತೈತ್ತಿರೀಯ ಶಾಖೆಯ ಹೆಸರಿಗೂ ಈ ಹಕ್ಕಿಗೂ ಸಂಬಂಧ ಕಲ್ಪಿಸುವ ಪುರಾಣಕಥೆಯನ್ನು ನಮ್ಮ ವಾಚಕರು ಬಲ್ಲರು. ಅದೇ ತಿತ್ತಿರಿಯು ನಮ್ಮೂರ ದಖನಿ ಮಾತಿನಲ್ಲಿ ‘ತೀತರ್’ ಆಗಿ ಇಂದಿಗೂ ಜೀವಂತವಾಗಿದೆ. ನೀರಿನ ದಂಡೆಯಲ್ಲಿ ಉದ್ದ ಕಾಲುಗಳ ಮೇಲೆ ಓಡಾಡುತ್ತ, ಮನುಷ್ಯನನ್ನು ಕಂಡೊಡನೆ ಊರಿಗೆಲ್ಲ ಕೇಳುವಂತೆ ಡಂಗುರ ಹೊಡೆಯುವ ಹಕ್ಕಿಯು ಪಂಚತಂತ್ರದ ಟಿಟ್ಟಿಭ. ತಲೆಯ ಮೇಲೆ ಬೀಸಣಿಗೆಯಂತಹ ಜುಟ್ಟನ್ನು ಹೊತ್ತು, ಹುಲ್ಲಿನಲ್ಲಿ ಕೊಕ್ಕನ್ನೂರಿ ಹುಳು ಹೆಕ್ಕುವ ನಮ್ಮ ಚಂದ್ರಮುಕುಟವೇ ನೆರೆಯ ಮುಸಲ್ಮಾನ ಗೃಹಸ್ಥರ ಹುದ್‌ಹುದ್. ಸುಲೈಮಾನ್ ಪ್ರವಾದಿಗೆ ದೂರದೇಶದ ವಾರ್ತೆಯನ್ನು ತಂದ ಹಕ್ಕಿಯೆಂದು ಕುರಾನಿನಲ್ಲಿ ಅದರ ಪ್ರಸ್ತಾಪವಿರುವುದು. ಆ ಹೆಸರೂ ಕೂಗಿನಿಂದಲೇ ಬಂದುದು. ನಾಲ್ಕು ಭಾಷೆಗಳಾಡುವ ಊರಿನಲ್ಲಿ ಹಕ್ಕಿಯ ಹೆಸರನ್ನು ಹಕ್ಕಿಯೇ ಹೇಳಿಕೊಟ್ಟಿರುವುದೆಂಬುದು ಸಂತೋಷದ ಸಂಗತಿ.

ಇನ್ನು ಉಲಿಯಲ್ಲಿ ಎರಡು ಬಗೆಗಳುಂಟೆಂಬುದನ್ನು ಮೊದಲು ತಿಳಿಯತಕ್ಕದ್ದು. ಒಂದು ಹಾಡು, ಇನ್ನೊಂದು ಕರೆ. ಹಾಡು ದೀರ್ಘವಾದುದು, ಗಂಡುಹಕ್ಕಿಯು ತನ್ನ ಎಲ್ಲೆಯನ್ನು ಸಾರಲು, ಹೆಣ್ಣನ್ನು ಒಲಿಸಲು ಹಾಡುವುದು. ಹಗಲು ಹಿಗ್ಗಿದಂತೆ ಹಕ್ಕಿಯ ದೇಹದೊಳಗಿನ ರಸಗಳು ಮಾರ್ಪಟ್ಟು ಈ ಹಾಡು ಹೊರಡುವುದೆಂದು ಶಾಸ್ತ್ರಜ್ಞರು ಕಂಡಿರುವರು. ಕರೆಯಾದರೋ ಒಂದೆರಡು ಸ್ವರಗಳ ಚುಟುಕು ಮಾತು. ‘ಇಲ್ಲಿದ್ದೇನೆ’, ‘ಬೆಕ್ಕು ಬಂತು’, ‘ಹಾರೋಣ’, ಇಷ್ಟೇ ಅದರ ಅರ್ಥ. ಚಳಿಗಾಲದಲ್ಲಿ ಕೇಳಿಬರುವುದು ಬಹುಮಟ್ಟಿಗೆ ಕರೆಗಳೇ. ಆದುದರಿಂದಲೇ ಕೋಗಿಲೆಯು ಈ ದಿನಗಳಲ್ಲಿ ಮೌನವಾಗಿರುವುದು. ಅದು ಊರನ್ನು ಬಿಟ್ಟು ಹೋಗಿರುವುದೆಂದು ಅನೇಕರು ಭಾವಿಸುವರು. ಹಾಗಲ್ಲ, ಆಲದ ಮರದಲ್ಲಿ ಹಣ್ಣು ತಿನ್ನುತ್ತ ಎಲೆಗಳ ಮರೆಯಲ್ಲಿ ಅದು ಕುಳಿತೇ ಇರುವುದು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕಾಲವಿನ್ನೂ ಬಂದಿಲ್ಲವಾದ ಕಾರಣ ಅದಕ್ಕೆ ಹಾಡುವ ಪ್ರಸಕ್ತಿಯಿಲ್ಲ. ಕಂಚುಗಾರ ಹಕ್ಕಿಯೂ ಅಂತೆಯೇ. ಚಳಿ ಬಿಗಿದ ಮುಂಜಾನೆಗಳಲ್ಲಿ ಅದು ಸುಮ್ಮನಿದ್ದು, ಬಿಸಿಲು ಬಲಿತ ಮೇಲೆ ಬೇವಿನ ತುದಿಗೇರಿ ತಾಮ್ರದ ಬಿಂದಿಗೆಯನ್ನು ಬಡಿದಂತೆ ಟುಕ್ ಟುಕ್ ಎಂದು ಆರಂಭಿಸುವುದು.

ಊರಿನವರು ಮೌನವಾಗಿರುವಾಗ ಅತಿಥಿಗಳ ಮಾತು ಸ್ಪಷ್ಟವಾಗಿ ಕೇಳುವುದು. ಶರಣಬಸವೇಶ್ವರ ದೇವಾಲಯದ ಬಳಿಯ ಅಪ್ಪನ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆದಾಡುವವರು, ಕಾಲೆದುರಿಗೇ ತುರುತುರನೆ ಓಡುತ್ತ ಬಾಲವನ್ನು ಮೇಲೆ ಕೆಳಗೆ ಆಡಿಸುವ ಬೂದುಬಿಳಿಯ ಪುಟ್ಟ ಹಕ್ಕಿಯೊಂದನ್ನು ಕಂಡಿರಬಹುದು. ಹಾರುವಾಗ ಅಲೆಯಲೆಯಾಗಿ ಏರಿಳಿಯುತ್ತ ‘ಚಿಜಿಟ್, ಚಿಜಿಟ್’ ಎಂದು ನುಡಿಯುವುದು. ಕನ್ನಡದಲ್ಲಿ ಇದು ಸಿಪಿಲೆ. ಸಂಸ್ಕೃತದಲ್ಲಿ ಖಂಜನ, ಖಂಜರೀಟ. ಕವಿಗಳು ಸುಂದರಿಯರ ಚಂಚಲ ನೇತ್ರಗಳಿಗೆ ಉಪಮಾನ ಮಾಡಿದ ಹಕ್ಕಿಯಿದೇ. ಬಿಳಿಯ ಸಿಪಿಲೆಯ ತೂಕವು ಸುಮಾರು ೨೦ ಗ್ರಾಂ, ಎಂದರೆ ಎರಡು ತೊಲಕ್ಕಿಂತ ಕಡಿಮೆ. ಹಿಮಾಲಯದಲ್ಲಿಯೂ ಅದರಾಚೆಯ ಮಧ್ಯ ಏಷ್ಯಾದಲ್ಲಿಯೂ ಮರಿಮಾಡಿ, ಮಳೆಗಾಲವು ಹಿಂದೆಗೆಯುತ್ತಲೆ ನಮ್ಮಲ್ಲಿಗೆ ಬಂದು, ಚೈತ್ರದ ಬಿಸಿಲೇರುವ ಹೊತ್ತಿಗೆ ಹಿಂತಿರುಗುವುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಂಜನದರ್ಶನದ ಫಲವನ್ನು ಹೇಳಲು ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಫಲದ ಮಾತನ್ನು ಬಲ್ಲವರು ವಿಚಾರಿಸಲಿ. ನಮಗೆ ಮುಖ್ಯವಾದುದು ಬೇರೆ. ವರ್ಷವೆಲ್ಲ ಇರುವ ಹಕ್ಕಿಗೆ ಪ್ರಥಮದರ್ಶನವೆಂಬುದಿಲ್ಲ. ಇದು ಒಂದು ಕಾಲದಲ್ಲಿ ಕಾಣದೆ ಹೋಗಿ ಮತ್ತೆ ಕಾಣಿಸಿಕೊಳ್ಳುವುದೆಂಬುದನ್ನು ಅಂದಿನವರು ಚೆನ್ನಾಗಿ ಗಮನಿಸಿದ್ದರೆಂಬುದಕ್ಕೆ ಆ ಅಧ್ಯಾಯವೇ ಸಾಕ್ಷಿ.

ಎರಡನೆಯ ಅತಿಥಿಯು ಕೋಟೆಯ ಕಲ್ಲುಗಳಲ್ಲಿಯೂ, ಮನೆಯ ಹಿತ್ತಿಲಿನ ಪಾಗಾರದ ಮೇಲೂ ಕುಳಿತುಕೊಳ್ಳುವ ಕರಿಯ ಹಕ್ಕಿ. ಹೊಟ್ಟೆಯೂ ಬಾಲವೂ ಇಟ್ಟಿಗೆಯ ಕೆಂಪು. ಕುಳಿತಲ್ಲಿಯೇ ಒಮ್ಮೆ ತಲೆಬಾಗಿ, ಚಳಿ ಹಿಡಿದವರಂತೆ ಬಾಲವನ್ನು ನಡುಗಿಸುವುದರಿಂದ ಅದುರುಬಾಲವೆಂಬ ಹೆಸರು ಇದಕ್ಕೆ ಒಪ್ಪುವುದು. ಕರೆಯು ‘ವಿಟ್, ವಿಟ್’ ಎಂಬ ಸಣ್ಣ ಸ್ವರ. ಎಣ್ಣೆಯಿಲ್ಲದ ಗಾಲಿಯು ದೂರದಲ್ಲಿ ಕಿರುಗುಟ್ಟಿದಂತೆ. ಇದರ ಯೂರೋಪದ ಬಂಧುವು ಚಳಿಗಾಲದಲ್ಲಿ ಕಾಣೆಯಾಗುವುದನ್ನು ನೋಡಿ, ಗ್ರೀಸ್ ದೇಶದ ಮಹಾಪಂಡಿತನಾದ ಅರಿಸ್ಟಾಟಲನು, ಅದು ರಾಬಿನ್ ಎಂಬ ಬೇರೊಂದು ಹಕ್ಕಿಯಾಗಿ ಮಾರ್ಪಡುವುದೆಂದು ಬರೆದನು. ಆ ಸಂದೇಹವನ್ನು ನೀಗಿಸಲು ಹಾದಿ ತೋರಿದವನೊಬ್ಬ ಶಾಲಾ ಉಪಾಧ್ಯಾಯನೆಂದು ಹೇಳಲು ನಮಗೆ ಹೆಮ್ಮೆಯೆನಿಸುವುದು. ಡೆನ್ಮಾರ್ಕಿನ ವಿಬೋರ್ಗ್ ಪಟ್ಟಣದ ಉಪಾಧ್ಯಾಯ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ನನು ೧೮೯೯ರಲ್ಲಿ ಕಬ್ಬಕ್ಕಿಗಳ ಕಾಲಿಗೆ ಅಂಕಿ ಕೆತ್ತಿದ ಅಲ್ಯುಮಿನಿಯಮ್ ಉಂಗುರಗಳನ್ನು ತೊಡಿಸಿ ಬಿಟ್ಟನು. ದೂರದ ಊರಿನಲ್ಲಿ ಯಾರಿಗಾದರೂ ಆ ಹಕ್ಕಿ ಸಿಕ್ಕರೆ ಅಂಕಿಯಿಂದ ಅದರ ತವರು ತಿಳಿಯುವುದು. ಇಂದು ಲೋಕವೆಲ್ಲ ಹಕ್ಕಿಗಳ ಪ್ರಯಾಣವನ್ನು ಅರಿಯುತ್ತಿರುವುದು ಆ ಉಂಗುರದಿಂದ ಮೊದಲಾದ ಕ್ರಮದಿಂದಲೇ.

ಪಟ್ಟಣದಲ್ಲಿ ಇಷ್ಟು ಕೇಳಿದ ಮೇಲೆ ಹುಮನಾಬಾದಿನ ದಾರಿ ಹಿಡಿದು ಕಮಲಾಪುರದ ಕಡೆಗೆ ಹೋಗತಕ್ಕದ್ದು. ಎಳ್ಳಮಾವಾಸ್ಯೆಯ ದಿನವೇ ಅದಕ್ಕೆ ಸುದಿನ. ಅಂದು ನಮ್ಮ ಸೀಮೆಯಲ್ಲಿ ಮನೆಗೆ ಮನೆಯೇ ಹೊಲಕ್ಕೆ ಹೊರಡುವುದಷ್ಟೆ? ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿಗಳ ಬುತ್ತಿಯೊಡನೆ ಹೋಗಿ, ಪೈರಿನ ನಡುವೆ ಪೂಜೆ ಸಲ್ಲಿಸಿ, ಚರಗ ಚೆಲ್ಲುವರು. ಭೂಮಿತಾಯಿಯ ಪಾಲಿಗೆಂದು ಚೆಲ್ಲಿದ ಆ ಅನ್ನವನ್ನು ಹಕ್ಕಿಗಳು ಬಂದು ಉಣ್ಣುವುವು. ಊಟ ಮುಗಿಸಿ ಗಿಡದ ನೆರಳಿನಲ್ಲಿ ಮಲಗುವ ಬದಲು ಅರ್ಧ ಗಂಟೆ ಕಿವಿಗೊಟ್ಟು ಕುಳಿತರೆ ಹೊಲದ ಇನ್ನೊಂದು ಸಂಸಾರವೇ ಗೋಚರವಾಗುವುದು.

ಬಿಳಿಜೋಳವು ಹಾಲುದುಂಬುವ ಸಮಯದಲ್ಲಿ ಅಲ್ಲಿ ದೊಡ್ಡ ಗದ್ದಲ ಮಾಡುವವು ಗುಲಾಬಿ ಕಬ್ಬಕ್ಕಿಗಳು. ತಲೆ ರೆಕ್ಕೆಗಳು ಕಪ್ಪು, ಮೈ ತಿಳಿಗೆಂಪು. ಸಂತೆಯು ನೆರೆದಂತೆ ಸಾವಿರ ಬಾಯಿಗಳ ಕಲಕಲ. ಪೂರ್ವ ಯೂರೋಪದಿಂದ ಮಧ್ಯ ಏಷ್ಯಾದವರೆಗಿನ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಇವು ಆಗಸ್ಟ್ ಸೆಪ್ಟೆಂಬರಿನಲ್ಲಿಯೇ ಬರತೊಡಗಿ ಏಪ್ರಿಲಿನವರೆಗೆ ನಮ್ಮಲ್ಲಿರುವುವು. ಸೀತೆನಿಯ ರುಚಿಯು ನಮಗಿರುವಂತೆ ಅವಕ್ಕೂ ಉಂಟು. ಆದುದರಿಂದ ರೈತರು ಅಟ್ಟಣಿಗೆಯನ್ನೇರಿ ಕವಣೆ ಬೀಸಿ ಓಡಿಸುವುದು ನ್ಯಾಯವೇ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬದಿಯನ್ನಷ್ಟೇ ಓದಿ ಜಮೆಯ ಬದಿಯನ್ನು ಬಿಡಬಾರದು. ತವರಿನಲ್ಲಿ ಮಿಡತೆಗಳೇ ಇವುಗಳ ಮುಖ್ಯ ಆಹಾರ. ಇಲ್ಲಿಯೂ ಹುಳುಗಳನ್ನು ತಿನ್ನುವುವು. ಮುತ್ತುಗ, ಬೂರುಗಗಳು ಹೂಬಿಟ್ಟಾಗ ಜೇನನ್ನು ಹೀರುತ್ತ ಹಣೆಗೆ ಪರಾಗ ಬಳಿದುಕೊಂಡು ಮರದಿಂದ ಮರಕ್ಕೆ ಒಯ್ಯುವುವು.

ಜಮೆಯ ಬದಿಯು ಇನ್ನೂ ಸ್ಪಷ್ಟವಾಗಿ ಕಾಣುವುದು ತೊಗರಿಯ ಹೊಲದಲ್ಲಿ. ೧೯೯೭-೯೮ರಲ್ಲಿ ಕಾಯಿಕೊರಕ ಹುಳುವು ತೊಗರಿಯನ್ನು ತಿಂದು ಎಷ್ಟೋ ಮನೆಗಳ ದೀಪವಾರಿಸಿದುದನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ಔಷಧವನ್ನು ಮೇಲಿಂದ ಮೇಲೆ ಹೊಡೆದರೂ ಹುಳುವು ಅದಕ್ಕೆ ಒಗ್ಗಿಹೋಗಿ ಸಾಯದಾಯಿತು. ಅನಂತರ ಕೃಷಿಪಂಡಿತರು ಹೇಳುತ್ತ ಬಂದಿರುವ ಉಪಾಯಗಳಲ್ಲಿ ಒಂದು, ಹೊಲದಲ್ಲಿ ಅಲ್ಲಲ್ಲಿ ಕವಲುಕೋಲುಗಳನ್ನು ನೆಟ್ಟು ಹಕ್ಕಿಗಳಿಗೆ ಕೂರಲು ಎಡೆಮಾಡುವುದು. ಬಿತ್ತುವಾಗ ಸ್ವಲ್ಪ ಜೋಳವನ್ನು ಬೆರೆಸಿದರೆ ಎತ್ತರದ ದಂಟುಗಳೇ ಆಸನಗಳಾಗುವುವು. ಗಿಡವನ್ನು ಮೆಲ್ಲನೆ ಅಲ್ಲಾಡಿಸಿ ಹುಳುಗಳನ್ನು ನೆಲಕ್ಕುದುರಿಸಿದರೆ ಉಳಿದ ಕೆಲಸವನ್ನು ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಪೂರೈಸುವುವು. ತಂತಿಯ ಮೇಲೆ ಧ್ಯಾನಿಸುವಂತೆ ಕುಳಿತು ಹಠಾತ್ತನೆ ನೀಲಿ ರೆಕ್ಕೆಗಳನ್ನು ಬಿಚ್ಚಿ ಕೆಳಗಿಳಿಯುವ ನೀಲಕಂಠವೂ ಈ ಪಂಕ್ತಿಯಲ್ಲಿರುವುದು. ಅದು ನಮ್ಮ ರಾಜ್ಯದ ಪಕ್ಷಿ. ವಿಜಯದಶಮಿಯಂದು ಅದರ ದರ್ಶನವು ಶುಭವೆಂದು ನಂಬುವೆವು. ಶುಭವು ಅದು ಸ್ವಚ್ಛಂದವಾಗಿ ಹಾರುತ್ತಿರುವಾಗಿನದು. ಹಿಡಿದು ಪಂಜರದಲ್ಲಿಟ್ಟು ಕಾಸಿಗೆ ತೋರಿಸುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇನ್ನು ಕಮಲಾಪುರದ ಹೆಸರನ್ನು ಎಲ್ಲೆಡೆ ಬೆಳಗಿಸಿದ ಕೆಂಪು ಬಾಳೆಯ ತೋಟಕ್ಕೆ ಹೋದರೆ, ಬಾಳೆಯ ಮೋತೆಯ ಸುತ್ತ ಸೂರಕ್ಕಿಗಳು ಚಿವ್ ಚಿವ್ ಎನ್ನುತ್ತ ಹೂವಿನೊಳಗೆ ಬಾಗಿದ ಕೊಕ್ಕನ್ನು ತೂರಿಸುತ್ತಿರುವುದು ಕಾಣುವುದು.

ಈಗ ಒಂದು ಗೃಹಕೃತ್ಯದ ವಿಚಾರವನ್ನು ಹೇಳುವೆವು. ನಮ್ಮ ನೆರೆಮನೆಯ ಹಿತ್ತಿಲಿನಲ್ಲಿ ಬಹುಕಾಲದ ಬೇವಿನ ಮರವಿದೆ. ಅದರ ಪೊಟರೆಯಲ್ಲಿ ಒಂದು ಜೊತೆ ಸಣ್ಣ ಗೂಬೆಗಳು ವಾಸವಾಗಿವೆ. ಕಳೆದ ಪುಷ್ಯಮಾಸದ ಒಂದು ಬೆಳಿಗ್ಗೆ ಆ ಮನೆಯ ಗೃಹಿಣಿಯು ಬಂದು, “ಮಾಸ್ತರ್ರೇ, ಗಿಡದಾಗ ಗೂಗಿ ಕೂಡ್ತಾವ್ರೀ. ರಾತ್ರಿಯೆಲ್ಲ ಒದರ್ತಾವ. ಮನ್ಯಾಗ ಅತ್ತಿಯವರಿಗೆ ಮೈಯಾಗ ಆರಾಮಿಲ್ಲ. ಗಿಡಾನೇ ಕಡಿಸಿಬಿಡಬೇಕಂತ ಮಾಡೀವ್ರೀ” ಎಂದರು. ಆಕೆಯ ಭಯವು ಹುಸಿಯದಾಗಿರಲಿಲ್ಲ. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿರುವಾಗ ರಾತ್ರಿಯ ಯಾವ ಕೂಗಾದರೂ ಎದೆಯನ್ನು ನಡುಗಿಸುವುದು. ಅದನ್ನು ಮೌಢ್ಯವೆಂದು ಹಳಿಯುವುದು ನಮಗೆ ಉಚಿತವೆನಿಸಲಿಲ್ಲ. “ಅವ್ವಾ, ಮೊನ್ನೆ ನಸುಕಿನ್ಯಾಗ ಬುಡಬುಡಕಿಯವ ಬಂದಿದ್ದನಲ್ಲ, ಏನಂದ?” ಎಂದು ಕೇಳಿದೆವು. “ಹಾಲಕ್ಕಿ ಛಲೋ ನುಡಿದದ ಅಂದ್ರೀ. ಒಂದು ಪಡಿ ಜ್ವಾಳಾ ಹಾಕಿ ಕಳಿಸ್ದೆ” ಎಂದರು. ಆಗ ನಾವು ವಿವರಿಸಿದೆವು: ಕನ್ನಡದಲ್ಲಿ ಹಕ್ಕಿಗಳ ವಿಷಯ ಬರೆದವರು ಹಾಲಕ್ಕಿಯೆಂದು ಕರೆಯುವುದು ಇದೇ ಸಣ್ಣ ಗೂಬೆಯನ್ನು. ಬುಡಬುಡಕಿಯವನ ಬಾಯಲ್ಲಿ ಶುಭವಾದುದು ನಿಮ್ಮ ಮರದಲ್ಲಿ ಅಶುಭವಾಗುವುದೆಂತು? ಅವು ಒದರುವುದು ಜಗಳಕ್ಕಾಗಲೀ ಮೃತ್ಯುವಿಗಾಗಲೀ ಅಲ್ಲ. ಚಳಿಗಾಲದ ಕಡೆಯಲ್ಲಿ ಆ ಪೊಟರೆಯಲ್ಲಿಯೇ ಮೊಟ್ಟೆಯಿಡುವ ಸಂಸಾರವದು. ನಿಮ್ಮ ಜೋಳದ ಕಣಜಕ್ಕೆ ಬರುವ ಇಲಿಗಳನ್ನು ಕೂಲಿಯಿಲ್ಲದೆ ಹಿಡಿಯುವುವು.

ಆಕೆಯು ಕೂಡಲೆ ಏನನ್ನೂ ಹೇಳಲಿಲ್ಲ. ಮನೆಯ ಯಜಮಾನರು ಮಾಡಿನ ಮೇಲೆ ಬಾಗಿದ್ದ ಒಂದು ಕೊಂಬೆಯನ್ನು ಮಾತ್ರ ತೆಗೆಸಿದರು. ಅತ್ತೆಯವರು ವೈದ್ಯರ ಔಷಧದಿಂದ ಶಿವರಾತ್ರಿಯ ಹೊತ್ತಿಗೆ ಎದ್ದು ಓಡಾಡಿದರು. ಗೂಬೆಗಳು ಈ ವರ್ಷವೂ ಅಲ್ಲಿಯೇ ಇವೆ.

ನಮ್ಮ ವಯಸ್ಸಿನವರಿಗೆ ಇನ್ನೊಂದು ಸೂಚನೆ. ಅರುವತ್ತರ ಸುಮಾರಿಗೆ ಕಿವಿಯು ಮೊದಲು ಕಳೆದುಕೊಳ್ಳುವುದು ಅತಿ ಉಚ್ಚಸ್ವರಗಳನ್ನು. ಮನುಷ್ಯರ ಮಾತು, ಕಾಗೆಯ ಕೂಗು, ದೇವಾಲಯದ ಗಂಟೆಗಳು ಎಂದಿನಂತೆ ಕೇಳುವುವಾದುದರಿಂದ ಈ ನಷ್ಟವು ತಿಳಿಯುವುದೇ ಇಲ್ಲ. ಕಳೆದ ಚಳಿಗಾಲದಲ್ಲಿ ದಾಸವಾಳದ ಬಳಿ ನಿಂತು ಹತ್ತು ವರ್ಷದ ನಮ್ಮ ಮೊಮ್ಮಗನು, “ಅಜ್ಜಾ, ಎಷ್ಟು ಛಂದ ಸಣ್ಣಗ ಕೂಗಲಿಕ್ಕತ್ತದ, ಕೇಳು” ಎಂದನು. ಸೂರಕ್ಕಿಯ ಕೊಕ್ಕು ತೆರೆದು ಮುಚ್ಚುವುದನ್ನು ನಾವು ಕಂಡೆವು; ಸ್ವರವು ಮಾತ್ರ ಕೇಳಲಿಲ್ಲ. ಅಂದಿನಿಂದ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿರುವೆವು. ಅವನು ಕೇಳಿದುದನ್ನು ಹೇಳುವನು, ನಾವು ನೆನಪಿನಿಂದ ಹೆಸರನ್ನು ಕೊಡುವೆವು. ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದವರು ಮೊಬೈಲಿಗೆಂದು ನಿರ್ಮಿಸಿರುವ ‘ಮರ್ಲಿನ್’ ಎಂಬ ಸಾಧನವು ಹಕ್ಕಿಯ ಸ್ವರವನ್ನು ಕೇಳಿ ಹೆಸರನ್ನು ಸೂಚಿಸುವುದು, ನಿಜ. ಅದನ್ನು ಬಳಸುವುದರಲ್ಲಿ ದೋಷವಿಲ್ಲ. ಆದರೆ ಮೊಬೈಲಿನಿಂದ ಹಕ್ಕಿಯ ಕೂಗನ್ನು ನುಡಿಸಿ ಹಕ್ಕಿಯನ್ನು ಬರಮಾಡಿಕೊಳ್ಳಬಾರದು. ತನ್ನ ಎಲ್ಲೆಗೆ ವೈರಿಯು ಬಂದನೆಂದು ಭ್ರಮಿಸಿ ಅದು ಮೇವನ್ನೂ ಮರಿಯನ್ನೂ ಬಿಟ್ಟು ಕಾದಾಡಲು ಬರುವುದು.

ಬರೆದಿಡದ ಉಲಿಯು ಊರಿನಿಂದ ಹೋದಾಗ ಯಾರಿಗೂ ತಿಳಿಯದೆ ಹೋಗುವುದು. ಕಲಬುರಗಿಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ದಿನಗಳಲ್ಲಿ, ೧೯೩೧-೩೨ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಿದರು. ಅದು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂತಹ ಬರಹಗಳಿರುವುದರಿಂದಲೇ ಯಾವುದು ಇದ್ದಿತು, ಯಾವುದು ಇಲ್ಲವಾಯಿತೆಂದು ಇಂದು ಹೇಳಬಹುದಾಗಿದೆ. ದಖನ್ನಿನ ಬಯಲಿನಲ್ಲಿ ಸಂಚರಿಸುತ್ತಿದ್ದ, ಆಳು ಮಗ್ಗುಲಿನೆತ್ತರದ ಎರ್ಲಡ್ಡು ಹಕ್ಕಿಯು ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಗಂಡುಹಕ್ಕಿಯ ಗಂಭೀರವಾದ ಹೂಂಕಾರವನ್ನು ಇಂದಿನ ಮಕ್ಕಳು ಕೇಳುವ ಸಂಭವವು ಬಹಳ ಕಡಿಮೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಮಣ್ಣಿನ ಬಟ್ಟಲಿನಲ್ಲಿ ನೀರಿಟ್ಟು, ದಿನವೂ ತೊಳೆದು ಬದಲಿಸಿರಿ. ಸಂಕ್ರಾಂತಿಗೆ ಮಕ್ಕಳು ಗಾಳಿಪಟ ಹಾರಿಸುವಾಗ ನೈಲಾನಿನ ಮಾಂಜಾ ದಾರವನ್ನು ಕೊಡಿಸಬೇಡಿರಿ. ೨೦೧೭ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಅದನ್ನು ನಿಷೇಧಿಸಿದೆ, ಹಾರುವ ಹಕ್ಕಿಯ ರೆಕ್ಕೆಯನ್ನು ಅದು ಕತ್ತಿಯಂತೆ ಕೊಯ್ಯುವುದು. ಫೆಬ್ರವರಿಯಲ್ಲಿ ನಾಲ್ಕು ದಿನಗಳ ಕಾಲ ಲೋಕದಾದ್ಯಂತ ಮನೆಯಂಗಳದ ಹಕ್ಕಿಗಳ ಗಣತಿಯು ನಡೆಯುವುದು. ಹದಿನೈದು ನಿಮಿಷ ಬಿಡುವಿದ್ದವರು ಯಾರಾದರೂ ಸೇರಬಹುದು. ಇದಾವುದೂ ಸಾಧ್ಯವಾಗದಿದ್ದಲ್ಲಿ, ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ನಾಲ್ಕು ದಿನಗಳನ್ನು ಗುರುತು ಮಾಡಿರಿ: ಸಿಪಿಲೆಯು ಮೊದಲು ಕಂಡ ದಿನ, ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂದ ದಿನ, ಕೋಗಿಲೆಯು ಮೌನ ಮುರಿದ ದಿನ, ಅದುರುಬಾಲವು ಪಾಗಾರದಿಂದ ಕಾಣೆಯಾದ ದಿನ. ಯುಗಾದಿಗೆ ಹೊಸ ಪಂಚಾಂಗವು ಬಂದಾಗ ಹಳೆಯದನ್ನು ರದ್ದಿಗೆ ಹಾಕದೆ, ಆ ನಾಲ್ಕು ಗುರುತುಗಳನ್ನು ಹೊಸದರಲ್ಲಿ ನಕಲು ಮಾಡುವ ಕೆಲಸವನ್ನು ಮನೆಯ ಕಿರಿಯರಿಗೆ ಒಪ್ಪಿಸತಕ್ಕದ್ದು.